ಸೂಜಿಮೊನೆಯ ಸೌಂದರ್ಯ

ಸಂಪಿಗೆಯ ಮೂಗು, ತೊಂಡೆಹಣ್ಣಿನ ತುಟಿ ಹಿಂದೆ ಕವಿಗಳ ಕೃಪೆಯಿಂದ ದೊರೆಯುತ್ತಿದ್ದವು. ಇಂದು ವೈದ್ಯರ ಸೂಜಿಯಿಂದಲೂ ದೊರೆಯುತ್ತವೆ. ಸುಕ್ಕನ್ನು ತುಂಬಲು, ತಗ್ಗನ್ನು ಎತ್ತಲು ಚರ್ಮದಡಿ ಚುಚ್ಚುವ ವಸ್ತುವಿಗೆ ‘ಫಿಲ್ಲರ್’ ಎಂದು ಹೆಸರು. ಚುಚ್ಚಿಸಿಕೊಂಡವರಲ್ಲಿ ಬಹುಪಾಲು ಜನ ತೃಪ್ತಿಯನ್ನೇ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ತೃಪ್ತಿಯು ಸುರಕ್ಷತೆಗೆ ಸಾಕ್ಷಿಯಾದೀತೆ ಎಂಬುದು ನನ್ನ ಪ್ರಶ್ನೆ.

ಈ ವಿದ್ಯೆ ಹೊಸದಲ್ಲ. 1899ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ ರೋಗಿಯೊಬ್ಬನ ದೇಹಕ್ಕೆ ವ್ಯಾಸಲೀನನ್ನು ಚುಚ್ಚಿದನು. ಬಳಿಕ ಪ್ಯಾರಫಿನ್ ಮೇಣದಿಂದ ಮೂಗು ಕೆನ್ನೆಗಳನ್ನು ತಿದ್ದುವ ಪದ್ಧತಿ ಬೇಗನೆ ಹರಡಿತು. ಅಂದು ಕನ್ನಡಿ ನೋಡಿಕೊಂಡವರಿಗೂ ತೃಪ್ತಿಯಾಗಿರಲೇಬೇಕು. ಮೇಣ ಮಾತ್ರ ಇಟ್ಟಲ್ಲಿ ನಿಲ್ಲಲಿಲ್ಲ. ಮುಂದೆ ಮಾರ್ಲ್‌ಬರೋ ಡಚೆಸ್ ಆದ ಸುಂದರಿ ಗ್ಲಾಡಿಸ್ ಡೀಕನ್ನಳ ಮೂಗಿನ ಮೇಣ ಗದ್ದದತ್ತ ಜಾರಿ ಮುಖವನ್ನೇ ಕೆಡಿಸಿತು. ಇನ್ನು ಕೆಲವರಲ್ಲಿ ಅದು ವರ್ಷಗಳು ಕಳೆದ ಮೇಲೆ ಗಟ್ಟಿ ಗಂಟಾಯಿತು. ಎರಡನೆಯ ಮಹಾಯುದ್ಧದ ಅನಂತರ ಬಂದ ದ್ರವ ಸಿಲಿಕೋನಿನ ಕಥೆಯೂ ಹೆಚ್ಚುಕಡಮೆ ಇದೇ.

ಈಗ ಹೆಚ್ಚಾಗಿ ಬಳಸುವುದು ಹೈಅಲುರಾನಿಕ್ ಆಮ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದರು. ನಮ್ಮ ಚರ್ಮದಲ್ಲಿಯೂ ಕೀಲುಗಳಲ್ಲಿಯೂ ಇರುವ ವಸ್ತುವೇ ಇದು. ನೀರನ್ನು ಹಿಡಿದಿಡುವುದು ಇದರ ಸ್ವಭಾವ. ಇದ್ದ ಹಾಗೆಯೇ ಚುಚ್ಚಿದರೆ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಆದುದರಿಂದ ಇದರ ಎಳೆಗಳನ್ನು ಒಂದಕ್ಕೊಂದು ಹೆಣೆದು ಜೆಲ್ ಮಾಡುತ್ತಾರೆ. ಆಗ ಹಲವು ತಿಂಗಳು ನಿಲ್ಲುತ್ತದೆ. ಬೇಡವಾದರೆ ಹೈಅಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿ ಕರಗಿಸಬಹುದು. ಮೇಣಕ್ಕೆ ಇಂಥ ಮದ್ದು ಇರಲಿಲ್ಲ. ತುಟಿಯ ಅಂದಕ್ಕಿಂತ ಈ ಗುಣವೇ ನನಗೆ ದೊಡ್ಡದೆನಿಸುತ್ತದೆ.

ಚುಚ್ಚಿದೆಡೆ ಊದುವುದು, ಕಂದುವುದು ಕೆಲವು ದಿನಗಳ ಮಾತು. ನಿಜವಾದ ಭಯ ಬೇರೆ. ಮೂಗಿನ ಮತ್ತು ಹುಬ್ಬುಗಳ ನಡುವಿನ ರಕ್ತನಾಳಗಳು ಕಣ್ಣಿನ ನಾಳಗಳೊಡನೆ ಕೂಡಿಕೊಂಡಿವೆ. ಸೂಜಿಯ ತುದಿ ನಾಳದೊಳಗೆ ಹೊಕ್ಕಿದ್ದಾಗ ಜೆಲ್ಲನ್ನು ಒತ್ತಿದರೆ, ಅದು ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ಸರಿದು ಕಣ್ಣನ್ನು ಮುಟ್ಟಬಲ್ಲದು. ಇದು ಬಹು ವಿರಳ. ಆದರೆ ಹಾಗೆ ಹೋದ ದೃಷ್ಟಿ ಪೂರ್ತಿ ಮರಳುವುದು ಇನ್ನೂ ವಿರಳ.

ತೃಪ್ತಿಯ ಪ್ರಶ್ನೆಯನ್ನು ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿಯೇ ಕೇಳಿ ಮುಗಿಸುತ್ತಾರೆ. ಸೂಜಿ ತಗಲುವುದಕ್ಕೆ ಮೊದಲೇ ಕೇಳಬೇಕಾದವು ಬೇರೆ ಇವೆ: ಚುಚ್ಚುವವರು ತರಬೇತಾದ ವೈದ್ಯರೇ? ಚುಚ್ಚುವ ವಸ್ತು ಯಾವುದು? ಕರಗಿಸುವ ಕಿಣ್ವ ಅದೇ ಕೋಣೆಯ ಕಪಾಟಿನಲ್ಲಿದೆಯೆ? ಚರ್ಮ ಬಿಳಿಚಿಕೊಂಡು ನೋವು ಏರತೊಡಗಿದಾಗ ಔಷಧದ ಅಂಗಡಿಗೆ ಆಳನ್ನು ಕಳುಹಿಸುವಷ್ಟು ವೇಳೆ ಇರುವುದಿಲ್ಲ.