ಗಾಳದ ರೀಲಿನ ಗುಣಮಟ್ಟ: ಮಿತವಾದ ಬೆಲೆಯಲ್ಲಿ ಆಯ್ಕೆಯ ಒರೆಗಲ್ಲು

ಹವ್ಯಾಸಕ್ಕಾಗಿ ಗಾಳ ಹಾಕುವವರು ಕೆರೆಯ ಏರಿಗಳ ಮೇಲೆ, ಕರಾವಳಿಯ ಅಳಿವೆಗಳಲ್ಲಿ, ಅಲೆತಡೆ ಗೋಡೆಗಳ ಮೇಲೆ ಇಂದು ಕಾಣಸಿಗುತ್ತಾರೆ. ಅವರ ಕೋಲಿಗೆ ಜೋಡಿಸಿದ ಪುಟ್ಟ ಯಂತ್ರವೇ ಸ್ಪಿನ್ನಿಂಗ್ ರೀಲ್. ಮಾರುಕಟ್ಟೆಯಲ್ಲಿ ಸಾವಿರ ರೂಪಾಯಿಗೂ ಕಡಿಮೆ ಬೆಲೆಯ ರೀಲುಗಳಿವೆ. ಐವತ್ತು ಸಾವಿರ ರೂಪಾಯಿಗಳನ್ನು ಮೀರಿದವೂ ಇವೆ. ಗಾಜಿನ ಕಪಾಟಿನಲ್ಲಿಟ್ಟಾಗ ನೋಟಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಅಗ್ಗದ ರೀಲಿನ ಪೆಟ್ಟಿಗೆಯ ಮೇಲೆ ‘13+1 ಬೇರಿಂಗ್’ ಎಂದು ದಪ್ಪಕ್ಷರಗಳಲ್ಲಿ ಮುದ್ರಿತವಾಗಿದ್ದು, ಅದಕ್ಕಿಂತ ಮೂರು ಪಟ್ಟು ಬೆಲೆಯ ರೀಲಿನ ಮೇಲೆ ಕೇವಲ ‘4+1’ ಎಂದಿರುವುದೂ ಉಂಟು. ಸಂಖ್ಯೆಯನ್ನು ನಂಬಿ ಕೊಂಡ ಗ್ರಾಹಕನು ವರ್ಷ ಕಳೆಯುವ ಮೊದಲೇ ಹಲ್ಲು ಸವೆದ ರೀಲನ್ನು ಹಿಡಿದು ಅಂಗಡಿಗೆ ಮರಳುತ್ತಾನೆ. ಆಗ ನಷ್ಟವಾಗುವುದು ಅವನ ಹಣ ಮಾತ್ರವಲ್ಲ, ಮಾರಿದ ವರ್ತಕನ ಮಾತಿನ ಬೆಲೆಯೂ ಹೌದು. ಆದುದರಿಂದ ಮಿತವಾದ ಹಣದಲ್ಲಿ ಯಾವ ಗುಣಗಳನ್ನು ಕೇಳಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ಕೊಳ್ಳುವವರೂ ಮಾರುವವರೂ ತಿಳಿದಿರುವುದು ಅಗತ್ಯ.

ನೂಲಿನ ಗಿರಣಿಯಿಂದ ಬಂದ ಯಂತ್ರ

ಈ ಯಂತ್ರದ ಹುಟ್ಟು ಉದ್ಯಮಿಗಳ ಕುತೂಹಲ ಕೆರಳಿಸುವಂತಹುದು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಜವಳಿ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಇಂತಹ ರೀಲಿಗೆ ಪೇಟೆಂಟ್ ಪಡೆದರು. ಗಿರಣಿಯ ಕದಿರಿನ ಮೇಲೆ ಸುತ್ತಿದ ನೂಲು, ಕದಿರು ತಿರುಗದೆಯೇ ಅದರ ತುದಿಯಿಂದ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ. ಇದೇ ತತ್ತ್ವವನ್ನು ಅವರು ಗಾಳದ ದಾರಕ್ಕೆ ಅನ್ವಯಿಸಿದರು. ಹಿಂದಿನ ರೀಲುಗಳಲ್ಲಿ ಗಾಳ ಎಸೆದಾಗ ದಾರದ ಉರುಳೆಯೇ ತಿರುಗಬೇಕಾಗಿದ್ದುದರಿಂದ ಹಗುರವಾದ ಎರೆಯನ್ನು ದೂರಕ್ಕೆ ಎಸೆಯುವುದು ಕಷ್ಟವಾಗಿತ್ತು. ಸ್ಪಿನ್ನಿಂಗ್ ರೀಲಿನಲ್ಲಿ ಸ್ಪೂಲ್ ನಿಶ್ಚಲವಾಗಿದ್ದು, ದಾರವು ಅದರ ಅಂಚಿನಿಂದ ಜಾರಿ ಹೊರಡುತ್ತದೆ. ಹಿಡಿಕೆ ತಿರುಗಿಸಿದಾಗ ರೋಟರ್ ಎಂಬ ಭಾಗವು ಸ್ಪೂಲಿನ ಸುತ್ತ ಸುತ್ತಿ ದಾರವನ್ನು ಮರಳಿ ತುಂಬುತ್ತದೆ.

ಮುಂದೆ ಇದನ್ನು ಬೆಳೆಸಿದವರಲ್ಲೂ ನೆರೆಯ ಕಸುಬಿನವರು ಇದ್ದರು. ಮಿಚೆಲ್ ರೀಲುಗಳನ್ನು ತಯಾರಿಸಿದ ಸಂಸ್ಥೆಯು ಗಡಿಯಾರದ ಬಿಡಿಭಾಗಗಳಿಗೆ ಹೆಸರಾದ ಫ್ರಾನ್ಸಿನ ಕ್ಲೂಸ್ ಪಟ್ಟಣದ್ದು. ಜಪಾನಿನ ಸಕಾಯ್ ನಗರದಲ್ಲಿ 1921ರಲ್ಲಿ ಆರಂಭವಾಗಿ ಸೈಕಲ್ಲಿನ ಫ್ರೀವೀಲ್ ತಯಾರಿಸುತ್ತಿದ್ದ ಶಿಮಾನೊ ಸಂಸ್ಥೆಯು 1970ರಲ್ಲಿ ಗಾಳದ ಸಲಕರಣೆಗಳ ಕ್ಷೇತ್ರವನ್ನು ಪ್ರವೇಶಿಸಿತು. ಗೇರು, ಶಾಫ್ಟು, ಎರಕ ಇವುಗಳ ಪರಿಚಯವಿರುವ ಸಣ್ಣ ಕೈಗಾರಿಕೆಯವರಿಗೆ ರೀಲು ಹೊಸ ವಸ್ತುವೇನಲ್ಲ. ಕಾರ್ಯಾಗಾರದಲ್ಲಿ ಪಳಗಿದ ಕಣ್ಣಿನಿಂದಲೇ ಅದನ್ನು ಪರೀಕ್ಷಿಸಬಹುದು.

ಬೇರಿಂಗ್ ಸಂಖ್ಯೆಯ ಭ್ರಮೆ

ಬೇರಿಂಗ್ ನಿಜವಾಗಿ ಅಗತ್ಯವಿರುವ ಜಾಗಗಳು ಕೆಲವೇ: ಮುಖ್ಯ ಗೇರಿನ ಎರಡು ಪಕ್ಕಗಳು, ಪಿನಿಯನ್ ಮತ್ತು ದಾರ ಹಾದುಹೋಗುವ ಲೈನ್ ರೋಲರ್. ‘+1’ ಎಂದು ನಮೂದಿಸುವುದು ಸಾಮಾನ್ಯವಾಗಿ ರೋಟರ್ ಹಿಂದಕ್ಕೆ ತಿರುಗದಂತೆ ತಡೆಯುವ ಏಕಮುಖ ರೋಲರ್ ಕ್ಲಚ್ಚನ್ನು. ಈ ಸ್ಥಾನಗಳಲ್ಲಿ ನಾಲ್ಕೈದು ಉತ್ತಮ ತುಕ್ಕುನಿರೋಧಕ ಬೇರಿಂಗ್‌ಗಳಿದ್ದರೆ ಕೆಲಸ ಸುಗಮವಾಗಿ ಸಾಗುತ್ತದೆ. ಹಿಡಿಕೆಯ ಗುಬುಟಿನಂತಹ ಕಡೆಗಳಲ್ಲಿ ಕೀಳುದರ್ಜೆಯ ಬೇರಿಂಗ್‌ಗಳನ್ನು ತುಂಬಿ ಸಂಖ್ಯೆ ಹೆಚ್ಚಿಸುವುದು ಸುಲಭ. ಅದಕ್ಕೆ ತಗಲುವ ವೆಚ್ಚವೂ ಅಲ್ಪ. ಆದರೆ ಉಪ್ಪುಗಾಳಿ ತಗುಲಿದೊಡನೆ ಮೊದಲು ತುಕ್ಕು ಹಿಡಿಯುವುದು ಅವೇ.

ಹಣ ಸಲ್ಲಬೇಕಾದ ಸ್ಥಳ

ಮೀನು ಎಳೆದಾಗ ಅದರ ಭಾರವು ದಾರದಿಂದ ಲೈನ್ ರೋಲರಿಗೆ, ರೋಟರಿಗೆ, ಪಿನಿಯನ್ನಿಗೆ, ಮುಖ್ಯ ಗೇರಿಗೆ, ಕೊನೆಗೆ ಹಿಡಿಕೆಗೆ ಹಾಯುತ್ತದೆ. ಕೊಡುವ ಹಣ ಈ ದಾರಿಯಲ್ಲಿರುವ ಭಾಗಗಳಿಗೆ ಸಂದಿದೆಯೇ ಎಂಬುದೇ ಗುಣಮಟ್ಟದ ಮುಖ್ಯ ಪ್ರಶ್ನೆ.

ಕಡಿಮೆ ಬೆಲೆಯ ರೀಲುಗಳಲ್ಲಿ ಮುಖ್ಯ ಗೇರು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಡೈಕಾಸ್ಟ್ ಆಗಿದ್ದು, ಪಿನಿಯನ್ ಹಿತ್ತಾಳೆಯದಾಗಿರುತ್ತದೆ. ಇದು ತಾನೇ ದೋಷವಲ್ಲ. ಎರಕ ನಿಖರವಾಗಿದ್ದರೆ ಕೆರೆಯ ಸಾಧಾರಣ ಬಳಕೆಗೆ ಹಲವು ವರ್ಷ ಬಾಳುತ್ತದೆ. ಭಾರಿ ಮೀನಿಗೆ, ಸತತ ಬಳಕೆಗೆ ಕೋಲ್ಡ್ ಫೋರ್ಜಿಂಗ್ ವಿಧಾನದ ಅಲ್ಯೂಮಿನಿಯಂ ಮಿಶ್ರಲೋಹದ ಗೇರು ಮೇಲು.

ರೀಲಿನ ಒಡಲಿನ ವಿಷಯವೂ ಅಷ್ಟೇ. ವ್ಯಾಪಾರದಲ್ಲಿ ‘ಗ್ರ್ಯಾಫೈಟ್’ ಎಂದು ಕರೆಯಲಾಗುವ, ಎಳೆಗಳಿಂದ ಬಲಪಡಿಸಿದ ಪ್ಲಾಸ್ಟಿಕ್ ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಭಾರ ಬಿದ್ದಾಗ ಅದು ತುಸು ಬಾಗುವುದರಿಂದ ಗೇರಿನ ಹಲ್ಲುಗಳ ಹೊಂದಿಕೆ ತಪ್ಪುತ್ತದೆ. ಅಲ್ಯೂಮಿನಿಯಂ ಗಟ್ಟಿ, ಆದರೆ ಲೇಪನ ಕಿತ್ತ ಕಡೆ ಉಪ್ಪುನೀರು ಅದನ್ನು ತಿನ್ನುತ್ತದೆ. ಕೆರೆ ಹೊಳೆಗಳಿಗೆ ಮೊದಲನೆಯದು ಸಾಕು. ದೊಡ್ಡ ಮೀನನ್ನು ನಿರೀಕ್ಷಿಸುವ ಕಡಲತೀರದವರು, ತೊಳೆದು ಕಾಪಾಡುವುದಾದರೆ, ಎರಡನೆಯದಕ್ಕೆ ಹೆಚ್ಚು ಹಣ ಕೊಡುವುದು ಸಾರ್ಥಕ. ಗೇರಿಗೆ ನೇರವಾಗಿ ತಿರುಪು ಹಾಕಿ ಕೂರಿಸುವ ಹಿಡಿಕೆಯು, ಮಡಚುವ ಹಿಡಿಕೆಗಿಂತ ಕಡಿಮೆ ಅಲುಗಾಡುತ್ತದೆ.

ಡ್ರ್ಯಾಗ್: ಬಲಕ್ಕಿಂತ ಸಮತೆ ಮುಖ್ಯ

ಮೀನು ಜೋರಾಗಿ ಎಳೆದಾಗ ದಾರ ತುಂಡಾಗದಂತೆ ಸ್ಪೂಲ್ ಜಾರಿ ಕೊಡುವ ವ್ಯವಸ್ಥೆಯೇ ಡ್ರ್ಯಾಗ್. ಇದನ್ನು ದಾರದ ತಾಳಿಕೆಯ ಶೇಕಡಾ 25ರಿಂದ 30ರಷ್ಟಕ್ಕೆ ಹೊಂದಿಸುವುದು ರೂಢಿ. ಎಂದರೆ 8 ಕೆ.ಜಿ. ತಾಳುವ ದಾರಕ್ಕೆ ಸುಮಾರು 2ರಿಂದ 2.4 ಕೆ.ಜಿ. ಸಾಕು. ಹೀಗಿರುವಾಗ ಪೆಟ್ಟಿಗೆಯ ಮೇಲಿನ ‘ಗರಿಷ್ಠ 12 ಕೆ.ಜಿ.’ ಎಂಬ ನಮೂದಿಗೆ ಹಣ ತೆರುವುದರಲ್ಲಿ ಅರ್ಥವಿಲ್ಲ. ಎಳೆತ ಆರಂಭವಾದ ಕ್ಷಣದಲ್ಲಿ ಡ್ರ್ಯಾಗ್ ಜಗ್ಗದೆ, ತಡೆಯದೆ, ಸಮನಾಗಿ ಬಿಟ್ಟುಕೊಡುತ್ತದೆಯೇ ಎಂಬುದೇ ಮುಖ್ಯ. ಇದರೊಳಗಿನ ವಾಷರುಗಳು ಫೆಲ್ಟಿನವಾದರೂ ಆಗಬಹುದು. ಬಿಸಿಯನ್ನು ಹೆಚ್ಚು ತಾಳುವುದು ಕಾರ್ಬನ್ ನಾರಿನವು.

ಗಾತ್ರ ಮತ್ತು ಗೇರ್ ಅನುಪಾತ

ಕೆರೆ ಹೊಳೆಗಳ ಸಾಮಾನ್ಯ ಬಳಕೆಗೆ 2500 ಅಥವಾ 3000, ತೀರದಿಂದ ಕಡಲಿಗೆ ಎಸೆಯುವವರಿಗೆ 4000 ಅಥವಾ 5000 ಎಂಬ ಗಾತ್ರಸಂಖ್ಯೆಗಳು ಹೊಂದುತ್ತವೆ. ಇವು ಎಲ್ಲ ತಯಾರಕರಿಗೂ ಸಮಾನವಾದ ಮಾನಕಗಳಲ್ಲ. ಆದುದರಿಂದ ಎಷ್ಟು ದಪ್ಪದ ದಾರ ಎಷ್ಟು ಮೀಟರ್ ಹಿಡಿಯುತ್ತದೆ ಎಂಬ ನಮೂದನ್ನೇ ಹೋಲಿಸಬೇಕು. ಅನುಪಾತ 5.2:1 ಎಂದರೆ ಹಿಡಿಕೆಯ ಒಂದು ಸುತ್ತಿಗೆ ರೋಟರ್ 5.2 ಸುತ್ತು ತಿರುಗುತ್ತದೆ. ಸ್ಪೂಲಿನ ವ್ಯಾಸ 45 ಮಿ.ಮೀ. ಆಗಿದ್ದರೆ ಒಂದು ಸುತ್ತಿಗೆ ಸುಮಾರು 73 ಸೆಂ.ಮೀ. ದಾರ ಬರುತ್ತದೆ. ಮೊದಲ ರೀಲಿಗೆ 5ರಿಂದ 5.5ರ ಆಸುಪಾಸಿನ ಅನುಪಾತ ಹಲವು ಬಗೆಯ ಬಳಕೆಗೆ ಒದಗುತ್ತದೆ.

ಕೌಂಟರಿನ ಮೇಲೆ ಐದು ನಿಮಿಷ

ಖರೀದಿಗೆ ಮುನ್ನ ಈ ಪರೀಕ್ಷೆಗಳನ್ನು ಮಾಡಬಹುದು. ಹಿಡಿಕೆಯನ್ನು ವೇಗವಾಗಿ ಅಲ್ಲ, ಅತಿ ನಿಧಾನವಾಗಿ ತಿರುಗಿಸಬೇಕು; ಗೇರಿನ ಒರಟುತನ ಆಗಲೇ ಬೆರಳಿಗೆ ತಿಳಿಯುತ್ತದೆ. ರೋಟರನ್ನು ಹಿಡಿದು ಹಿಡಿಕೆಯನ್ನು ಹಿಂದೆಮುಂದೆ ಅಲುಗಿಸಿದರೆ ಸಡಿಲ ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ದಾರವನ್ನು ಸ್ಪೂಲಿಗೆ ಕಟ್ಟಿ, ಡ್ರ್ಯಾಗ್ ಅರ್ಧ ಬಿಗಿದು ಮೆಲ್ಲನೆ ಎಳೆಯಬೇಕು. ತಡೆತಡೆದು ಬಂದರೆ ಆ ರೀಲನ್ನು ಬಿಡುವುದು ಒಳಿತು. ಲೈನ್ ರೋಲರ್ ಬೆರಳಿನಿಂದ ತಿರುಗುವಂತಿರಬೇಕು. ತಿರುಗದ ರೋಲರ್ ದಾರವನ್ನು ಸವೆಸುತ್ತದೆ. ಸ್ಪೂಲಿನ ಅಂಚಿಗೆ ಸ್ವಲ್ಪ ಹತ್ತಿ ಸವರಿದಾಗ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳಿದೆ ಎಂದರ್ಥ. ಬೇಲ್ ಎಂಬ ತಂತಿಯ ಕಮಾನು ತೆರೆದಾಗಲೂ ಮುಚ್ಚಿದಾಗಲೂ ಖಚಿತವಾಗಿ ನಿಲ್ಲಬೇಕು.

ವರ್ತಕರು ಗಮನಿಸಬೇಕಾದ ಅಂಶಗಳು

ಇಪ್ಪತ್ತು ಮಾದರಿಗಳನ್ನು ಒಂದೊಂದರಂತೆ ತುಂಬುವುದಕ್ಕಿಂತ, ಎರಡು ಮೂರು ಮಾದರಿಗಳನ್ನು ಆಯ್ದು, ಅವುಗಳ ಬೇಲ್ ಸ್ಪ್ರಿಂಗ್, ಲೈನ್ ರೋಲರ್, ಡ್ರ್ಯಾಗ್ ವಾಷರ್ ಮತ್ತು ಹಿಡಿಕೆಗಳನ್ನೂ ದಾಸ್ತಾನಿಡುವುದು ಲಾಭದಾಯಕ. ಬಿಡಿಭಾಗ ದೊರೆಯದ ರೀಲು, ಬೆಲೆ ಎಷ್ಟೇ ಕಡಿಮೆಯಿದ್ದರೂ, ಒಂದು ಸ್ಪ್ರಿಂಗ್ ಮುರಿದ ದಿನ ಗುಜರಿಯಾಗುತ್ತದೆ. ಹೊಸ ಮಾದರಿ ಬಂದಾಗ ಹಿಂದಿನದರ ಬೆಲೆ ಇಳಿಯುವುದುಂಟು. ಮಿತವ್ಯಯದ ಗ್ರಾಹಕನಿಗೆ ಅದನ್ನು ಸೂಚಿಸಬಹುದು.

ಆಮದು ರೀಲುಗಳು ಸುಂಕ ವರ್ಗೀಕರಣದಲ್ಲಿ 9507 30 ಸಂಕೇತದಡಿ ಬರುತ್ತವೆ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ಮೂಲ ದೇಶ, ಗರಿಷ್ಠ ಚಿಲ್ಲರೆ ಬೆಲೆ ಮತ್ತು ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರತಕ್ಕದ್ದು. ಇವಿಲ್ಲದ ಮಾಲನ್ನು ಸಗಟು ದರಕ್ಕೆ ಮರುಳಾಗಿ ಕೊಂಡರೆ, ರೀಲು ಕೆಟ್ಟಾಗ ಹೊಣೆ ಹೊರಿಸಲು ಯಾರೂ ಸಿಗುವುದಿಲ್ಲ.

ಮಾರಾಟದೊಂದಿಗೆ ನಿರ್ವಹಣೆಯ ಪುಟ್ಟ ಚೀಟಿಯೊಂದನ್ನು ಕೊಡುವುದು ಉಪಯುಕ್ತ. ಕಡಲಿನಿಂದ ಬಂದೊಡನೆ ಡ್ರ್ಯಾಗ್ ಬಿಗಿದು, ಸಿಹಿನೀರನ್ನು ಹಗುರವಾಗಿ ಚಿಮುಕಿಸಿ ತೊಳೆಯಬೇಕು. ಕೊಳವೆಯ ಬಿರುಸಾದ ಧಾರೆ ಉಪ್ಪನ್ನು ಒಳಕ್ಕೇ ನೂಕುತ್ತದೆ. ಒಣಗಿದ ಮೇಲೆ ವಾಷರುಗಳು ಅಮುಕಿಕೊಳ್ಳದಂತೆ ಡ್ರ್ಯಾಗ್ ಸಡಿಲಿಸಿಡಬೇಕು. ದಾರವನ್ನು ಸ್ಪೂಲಿನ ಅಂಚಿಗಿಂತ 2ರಿಂದ 3 ಮಿ.ಮೀ. ಕಡಿಮೆ ತುಂಬಬೇಕು.

ಉದಾಹರಣೆಗೆ, 1,200 ರೂಪಾಯಿಯ ರೀಲು ವರ್ಷಕ್ಕೊಂದರಂತೆ ಕೆಟ್ಟರೆ ಐದು ವರ್ಷಕ್ಕೆ ವೆಚ್ಚ 6,000 ರೂಪಾಯಿ. 3,500 ರೂಪಾಯಿಯ ರೀಲು 500 ರೂಪಾಯಿಯ ಬಿಡಿಭಾಗಗಳೊಂದಿಗೆ ಅಷ್ಟೇ ಕಾಲ ಬಾಳಿದರೆ ವೆಚ್ಚ 4,000 ರೂಪಾಯಿ. ವರ್ಷಕ್ಕೆ ನಾಲ್ಕು ಬಾರಿ ಮಾತ್ರ ಕೆರೆಗೆ ಹೋಗುವವನಿಗೆ ಈ ಲೆಕ್ಕ ಅನ್ವಯಿಸದು. ಅವನಿಗೆ ಅಗ್ಗದ್ದೇ ಸಾಕೆಂದು ಹೇಳುವುದು ನ್ಯಾಯ. ಗ್ರಾಹಕನ ಬಳಕೆಯನ್ನು ಮೊದಲು ಕೇಳಿ, ಬಳಿಕ ರೀಲನ್ನು ತೋರಿಸುವ ಅಂಗಡಿಗೆ ಅವನು ದಾರಕ್ಕೂ, ಕೊಕ್ಕೆಗೂ, ಮುಂದಿನ ರೀಲಿಗೂ ಮತ್ತೆ ಬರುತ್ತಾನೆ.