ಮನೆ ಇಲ್ಲಿ, ಮೊಕದ್ದಮೆ ಎಲ್ಲಿ?

ಸ್ವಂತ ಮನೆಯೆಂಬುದು ನಮ್ಮ ಮಧ್ಯಮವರ್ಗದ ಪಾಲಿಗೆ ಜೀವಮಾನದ ಗಳಿಕೆ. ಅದನ್ನು ಕೊಳ್ಳುವ ಮುನ್ನ ಗೋಡೆ ತಟ್ಟಿ ನೋಡುತ್ತೇವೆ, ವಾಸ್ತು ಕೇಳುತ್ತೇವೆ, ನೀರಿನ ಮೂಲ ವಿಚಾರಿಸುತ್ತೇವೆ, ಬಡ್ಡಿಯ ಲೆಕ್ಕವನ್ನು ಹತ್ತು ಸಲ ಹಾಕುತ್ತೇವೆ. ಆದರೆ ಹತ್ತಾರು ಪುಟಗಳ ಕರಾರುಪತ್ರದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಒಂದು ಷರತ್ತನ್ನು ಓದುವವರು ವಿರಳ. ಈ ಕರಾರಿನಿಂದ ಉದ್ಭವಿಸುವ ಎಲ್ಲ ವ್ಯಾಜ್ಯಗಳೂ ಇಂಥ ನಗರದ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ ಒಳಪಡುತ್ತವೆ ಎಂಬುದೇ ಆ ಷರತ್ತು. ಆ ನಗರ ಮನೆಯಿರುವ ಊರಾಗಿರಬೇಕೆಂದೇನೂ ಇಲ್ಲ. ಬಹುತೇಕ ಅದು ಕಂಪೆನಿಯ ಪ್ರಧಾನ ಕಚೇರಿ ಇರುವ ದೆಹಲಿಯೋ ಮುಂಬೈಯೋ ಆಗಿರುತ್ತದೆ.

ಮಳೆಗಾಲದಲ್ಲಿ ಚಾವಣಿ ಸೋರಿದಾಗ, ಹೇಳಿದ ದಿನಕ್ಕೆ ಕೀಲಿಕೈ ಸಿಗದಿದ್ದಾಗ, ಕಟ್ಟಿದ ಮುಂಗಡ ಮರಳಿ ಬಾರದಿದ್ದಾಗ ಮನೆಯ ಯಜಮಾನ ವಕೀಲರ ಬಳಿಗೆ ಹೋಗುತ್ತಾನೆ. ತಪ್ಪು ಯಾರದು ಎಂಬ ಚರ್ಚೆಗಾಗಿ ಅವನು ಸಿದ್ಧನಾಗಿ ಬಂದಿರುತ್ತಾನೆ. ವಕೀಲರು ಕೇಳುವ ಮೊದಲ ಪ್ರಶ್ನೆಯಾದರೋ ಬೇರೆ: ದಾವೆಯನ್ನು ಹೂಡುವುದು ಎಲ್ಲಿ? ಬರೀ ತಾಂತ್ರಿಕವೆಂದು ತೋರುವ ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ತೆರಬೇಕಾದ ಬೆಲೆ ಎಂಥದ್ದೆಂಬುದಕ್ಕೆ ನಮ್ಮ ನ್ಯಾಯಾಂಗದ ಇತಿಹಾಸದಲ್ಲೇ ನಿದರ್ಶನವಿದೆ.

1985ರಲ್ಲಿ ವ್ಯಕ್ತಿಯೊಬ್ಬರು ಹರಿಯಾಣದ ಗುಡಗಾಂವ್‌ನಲ್ಲಿ ನಿವೇಶನವೊಂದನ್ನು ಕೊಳ್ಳಲು ಡಿಎಲ್‌ಎಫ್ ಯೂನಿವರ್ಸಲ್ ಕಂಪೆನಿಯೊಡನೆ ಕರಾರು ಮಾಡಿಕೊಂಡರು. ಕರಾರಿಗೆ ಸಹಿ ಬಿದ್ದದ್ದು ದೆಹಲಿಯಲ್ಲಿ. ಹಣ ಪಾವತಿಯಾದದ್ದು ದೆಹಲಿಯಲ್ಲಿ. ಕಂಪೆನಿಯ ಪ್ರಧಾನ ಕಚೇರಿಯೂ ದೆಹಲಿಯಲ್ಲೇ. ದೆಹಲಿಯ ನ್ಯಾಯಾಲಯಗಳಿಗೇ ಅಧಿಕಾರವೆಂಬ ಷರತ್ತೂ ಕರಾರಿನಲ್ಲಿತ್ತು. ಕಂಪೆನಿ ನಿವೇಶನವನ್ನು ರದ್ದುಪಡಿಸಿದಾಗ ಅವರು 1988ರಲ್ಲಿ ದೆಹಲಿಯಲ್ಲೇ ದಾವೆ ಹೂಡಿದರು. ನ್ಯಾಯಾಲಯದ ವ್ಯಾಪ್ತಿಯನ್ನು ಕಂಪೆನಿಯೂ ತನ್ನ ಲಿಖಿತ ಹೇಳಿಕೆಯಲ್ಲಿ ಒಪ್ಪಿಕೊಂಡಿತು. ಆದರೆ ವರ್ಷಗಳುರುಳಿದ ಮೇಲೆ ಅದೇ ಕಂಪೆನಿ, ಆಸ್ತಿ ಗುಡಗಾಂವ್‌ನಲ್ಲಿರುವುದರಿಂದ ದೆಹಲಿಯ ನ್ಯಾಯಾಲಯಕ್ಕೆ ವಿಚಾರಣೆಯ ಅಧಿಕಾರವೇ ಇಲ್ಲವೆಂದು ತಕರಾರು ತೆಗೆಯಿತು. 2005ರಲ್ಲಿ ಸುಪ್ರೀಂ ಕೋರ್ಟ್ ಆ ತಕರಾರನ್ನು ಎತ್ತಿಹಿಡಿಯಿತು. ದಾವೆ ಹೂಡಿ ಹದಿನೇಳು ವರ್ಷಗಳಾದ ಮೇಲೆ ವಾದಿಗೆ ತಿಳಿದದ್ದು, ತಾನು ತಪ್ಪು ಬಾಗಿಲು ತಟ್ಟಿದ್ದೆ ಎಂಬುದು ಮಾತ್ರ. ನಿವೇಶನ ಯಾರಿಗೆ ಸೇರಬೇಕೆಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು.

ತೀರ್ಪು ಕಠೋರವೆನಿಸಬಹುದು, ಆದರೆ ಅದು ನಿಂತಿರುವ ತತ್ವ ತಿರಸ್ಕರಿಸುವಂಥದ್ದಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ಸ್ವಾಧೀನ, ವಿಭಾಗ, ಹಕ್ಕು ನಿರ್ಣಯದ ದಾವೆಗಳನ್ನೂ ಸ್ಥಿರಾಸ್ತಿಗೆ ಆದ ಹಾನಿಯ ಪರಿಹಾರದ ದಾವೆಗಳನ್ನೂ ಆ ಆಸ್ತಿ ಇರುವ ಸ್ಥಳದ ನ್ಯಾಯಾಲಯದಲ್ಲಿ ಹೂಡಬೇಕು. ಭೂಮಿ ಚಲಿಸದು, ಅದರ ಮೇಲೆ ಆದೇಶವನ್ನು ಜಾರಿಗೊಳಿಸಬಲ್ಲದ್ದು ಸ್ಥಳೀಯ ನ್ಯಾಯಾಲಯವೇ. ಕಾನೂನು ಕೊಡದ ಅಧಿಕಾರವನ್ನು ಪಕ್ಷಕಾರರ ಒಪ್ಪಿಗೆಯಾಗಲಿ ಮೌನವಾಗಲಿ ಸೃಷ್ಟಿಸಲಾರದು ಎಂಬುದು ಸುಪ್ರೀಂ ಕೋರ್ಟಿನ ನಿಲುವು. ಹಾಗಾಗಿಯೇ ಕಂಪೆನಿ ಮೊದಲು ಒಪ್ಪಿಕೊಂಡಿತ್ತಲ್ಲ ಎಂಬ ವಾದ ನಿಲ್ಲಲಿಲ್ಲ.

ಆದರೆ ಮನೆಯ ಒಡೆಯ ಹೂಡುವ ಎಲ್ಲ ದಾವೆಗಳೂ ಭೂಮಿಯ ದಾವೆಗಳಲ್ಲ. ಚಾವಣಿಯ ಮೇಲೆ ಸೌರಫಲಕ ಅಳವಡಿಸಿದ ಕಂಪೆನಿ, ಒಳಾಂಗಣ ವಿನ್ಯಾಸದ ಕಂಪೆನಿ, ಮನೆಗೆ ವಿಮೆ ನೀಡಿದ ಕಂಪೆನಿ ಇವುಗಳೊಂದಿಗಿನ ವ್ಯಾಜ್ಯ ಮೂಲತಃ ಹಣ ಹಾಗೂ ಕರಾರಿಗೆ ಸಂಬಂಧಿಸಿದ್ದು. ಅಲ್ಲಿ ಅನ್ವಯವಾಗುವುದು 20ನೇ ಕಲಮು. ಪ್ರತಿವಾದಿ ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದಲ್ಲಿ, ಇಲ್ಲವೇ ವ್ಯಾಜ್ಯಕ್ಕೆ ಕಾರಣವಾದ ಸಂಗತಿ ಪೂರ್ಣವಾಗಿ ಅಥವಾ ಭಾಗಶಃ ನಡೆದ ಸ್ಥಳದಲ್ಲಿ ದಾವೆ ಹೂಡಬಹುದು. ಒಂದಕ್ಕಿಂತ ಹೆಚ್ಚು ಊರುಗಳ ನ್ಯಾಯಾಲಯಗಳು ಅರ್ಹವಾಗುವುದು ಇಂಥ ಸಂದರ್ಭದಲ್ಲಿಯೇ. ಕರಾರಿನ ಆ ಸಣ್ಣ ಅಕ್ಷರಗಳ ಷರತ್ತಿಗೆ ಬಲ ಬರುವುದೂ ಇಲ್ಲಿಯೇ.

ಈ ಬಲದ ಮಿತಿಯನ್ನು ಸುಪ್ರೀಂ ಕೋರ್ಟ್ ಹಂತಹಂತವಾಗಿ ನಿಗದಿಪಡಿಸಿದೆ. ಗ್ಯಾಮನ್ ಕಂಪೆನಿಗೆ ಸಂಬಂಧಿಸಿದ 1971ರ ತೀರ್ಪಿನ ಸಾರವಿಷ್ಟು: ಅಧಿಕಾರವಿರುವ ಎರಡು ನ್ಯಾಯಾಲಯಗಳಲ್ಲಿ ಒಂದನ್ನು ಕರಾರಿನ ಮೂಲಕ ಆರಿಸಿಕೊಳ್ಳಬಹುದು, ಅಧಿಕಾರವೇ ಇಲ್ಲದ ನ್ಯಾಯಾಲಯಕ್ಕೆ ಅದನ್ನು ದಯಪಾಲಿಸಲಾಗದು. ಪಟೇಲ್ ರೋಡ್‌ವೇಸ್ ಸಾಗಣೆ ಕಂಪೆನಿಯ 1991ರ ಪ್ರಕರಣ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಶಾಖಾ ಕಚೇರಿ ಇರುವ ಊರಿನಲ್ಲೇ ವ್ಯಾಜ್ಯದ ಕಾರಣ ಹುಟ್ಟಿದ್ದರೆ, ಪ್ರಧಾನ ಕಚೇರಿ ಬೇರೆಡೆ ಇದೆಯೆಂಬುದೊಂದೇ ಆಧಾರದ ಮೇಲೆ ಆ ಬೇರೆಡೆಯ ನ್ಯಾಯಾಲಯಕ್ಕೆ ಅಧಿಕಾರ ಬಾರದು. ಹೀಗಾಗಿ ಮುಂಬೈ ನ್ಯಾಯಾಲಯಕ್ಕೆ ಮಾತ್ರ ಅಧಿಕಾರವೆಂಬ ಷರತ್ತು ಅಲ್ಲಿ ನಿಷ್ಫಲವಾಯಿತು. ಬೆಂಗಳೂರಿನಲ್ಲಿ ಶಾಖೆ ತೆರೆದು, ಇಲ್ಲೇ ಹಣ ಪಡೆದು, ಇಲ್ಲೇ ಕೆಲಸ ಕೆಡಿಸಿದ ಕಂಪೆನಿಯ ವಿರುದ್ಧ ಬೆಂಗಳೂರಿನ ಮನೆಯೊಡೆಯನಿಗೆ ಇದು ದೊಡ್ಡ ಆಸರೆ. ಆದರೆ 2013ರ ಸ್ವಸ್ತಿಕ್ ಗ್ಯಾಸಸ್ ತೀರ್ಪು ಎಚ್ಚರಿಕೆಯನ್ನೂ ನೀಡುತ್ತದೆ. ‘ಮಾತ್ರ’ ಎಂಬ ಪದ ಇಲ್ಲದಿದ್ದರೂ, ನಿರ್ದಿಷ್ಟ ನಗರವೊಂದನ್ನು ಹೆಸರಿಸಿದರೆ ಉಳಿದವುಗಳನ್ನು ಹೊರಗಿಟ್ಟಂತೆಯೇ ಎಂದು ನ್ಯಾಯಾಲಯ ಅರ್ಥೈಸಿತು. ಒಂದು ಪದದ ಕೊರತೆಯನ್ನು ನೆಚ್ಚಿ ಕೂರುವಂತಿಲ್ಲ.

ಸಿವಿಲ್ ನ್ಯಾಯಾಲಯವೊಂದೇ ದಾರಿಯಾಗಿದ್ದರೆ ಸಾಮಾನ್ಯನ ಸ್ಥಿತಿ ಶೋಚನೀಯವೇ ಆಗುತ್ತಿತ್ತು. ಗೃಹನಿರ್ಮಾಣವೂ ಗ್ರಾಹಕ ಕಾಯ್ದೆಯಡಿ ‘ಸೇವೆ’ ಎಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಸಾರಿದ್ದು ಮಹತ್ವದ ತಿರುವು. ಆದರೂ 1986ರ ಕಾಯ್ದೆಯಲ್ಲಿ ದೂರುದಾರನ ವಾಸಸ್ಥಳಕ್ಕೆ ಬೆಲೆಯಿರಲಿಲ್ಲ. ಕಂಪೆನಿಯ ಶಾಖೆ ಇರುವ ಯಾವುದೇ ಊರಿನಲ್ಲಿ ದೂರಬಹುದೆಂಬ ನಂಬಿಕೆಗೂ 2009ರಲ್ಲಿ ತೆರೆಬಿತ್ತು. ಅಂಬಾಲಾದಲ್ಲಿ ಗೋದಾಮು ಸುಟ್ಟುಹೋದ ಸಂಸ್ಥೆಯೊಂದು ವಿಮಾ ಕಂಪೆನಿಯ ಶಾಖೆಯಿದೆಯೆಂದು ಚಂಡೀಗಡದಲ್ಲಿ ಸಲ್ಲಿಸಿದ ದೂರನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವ್ಯಾಜ್ಯದ ಕಾರಣವೂ ಶಾಖೆಯೂ ಒಂದೇ ಕಡೆ ಇರಬೇಕೆಂದಿತು.

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ತಕ್ಕಡಿಯನ್ನು ಗ್ರಾಹಕನ ಕಡೆಗೆ ವಾಲಿಸಿತು. ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ದೂರು ಸಲ್ಲಿಸಬಹುದು. ಧಾರವಾಡದಲ್ಲಿರುವ ನಿವೃತ್ತ ಶಿಕ್ಷಕ ಬೆಂಗಳೂರಿನ ಫ್ಲ್ಯಾಟ್ ಕುರಿತಾದ ದೂರನ್ನು ಧಾರವಾಡದಲ್ಲೇ ಕೊಡಬಹುದು. ಊರಿನ ಪ್ರಶ್ನೆ ಬಗೆಹರಿದರೂ ಮೊತ್ತದ ಪ್ರಶ್ನೆ ಉಳಿಯುತ್ತದೆ. 2021ರ ಡಿಸೆಂಬರಿನ ನಿಯಮಗಳ ಪ್ರಕಾರ 50 ಲಕ್ಷ ರೂಪಾಯಿವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೀರಿದರೆ ರಾಷ್ಟ್ರೀಯ ಆಯೋಗ. ಇಲ್ಲಿ ಗಣನೆಗೆ ಬರುವುದು ಕೇಳುವ ಪರಿಹಾರವಲ್ಲ, ಪಾವತಿಸಿದ ಹಣ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚದೆಂದು ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ಇನ್ನು 2016ರ ರೇರಾ ಕಾಯ್ದೆ. ಯೋಜನೆ ಇರುವ ರಾಜ್ಯದ ಪ್ರಾಧಿಕಾರವೇ ದೂರು ಕೇಳುವುದರಿಂದ ಕಂಪೆನಿಯ ಪ್ರಧಾನ ಕಚೇರಿ ಎಲ್ಲಿದ್ದರೂ ಚಿಂತೆಯಿಲ್ಲ. ಸ್ವಾಧೀನ ನೀಡಿದ ಐದು ವರ್ಷಗಳೊಳಗೆ ಕಂಡುಬಂದ ಕಟ್ಟಡದ ದೋಷವನ್ನು ದೂರು ಬಂದ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸುವ ಹೊಣೆ ನಿರ್ಮಾಣಗಾರನದು. ಪ್ರಾಧಿಕಾರ ನಿರ್ಧರಿಸಬೇಕಾದ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯ ಕೈಹಾಕದಂತೆ 79ನೇ ಕಲಮು ತಡೆಯುತ್ತದೆ. ಆದರೆ ಗ್ರಾಹಕ ಆಯೋಗಕ್ಕೆ ಈ ತಡೆ ಇಲ್ಲವೆಂಬುದು 2020ರ ಇಂಪೀರಿಯಾ ತೀರ್ಪಿನ ತಾತ್ಪರ್ಯ. 500 ಚದರ ಮೀಟರ್ ಮೀರದ ನೆಲದಲ್ಲಿನ ಅಥವಾ ಎಂಟು ಮನೆ ಮೀರದ ಸಣ್ಣ ಯೋಜನೆಗಳಿಗೆ ರೇರಾ ನೋಂದಣಿ ಕಡ್ಡಾಯವಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಇಷ್ಟೆಲ್ಲ ಅನುಕೂಲಗಳ ನಡುವೆಯೂ ಮನೆಯೊಡೆಯ ದೂರದೂರಿಗೆ ಹೋಗಲೇಬೇಕಾದ ಒಂದು ಪ್ರಸಂಗವುಂಟು. ಅದು ಕಂಪೆನಿ ದಿವಾಳಿಯೆದ್ದಾಗ. ದಿವಾಳಿ ಸಂಹಿತೆಯಡಿ ಪ್ರಕರಣ ನಡೆಯುವುದು ಕಂಪೆನಿಯ ನೋಂದಾಯಿತ ಕಚೇರಿ ಇರುವ ಸ್ಥಳದ ಕಂಪೆನಿ ನ್ಯಾಯಮಂಡಳಿಯಲ್ಲಿ. ಪ್ರಕರಣ ದಾಖಲಾಗಿ ತಡೆಯಾಜ್ಞೆ ಹೊರಟೊಡನೆ ಬೇರೆಡೆ ಆ ಕಂಪೆನಿಯ ವಿರುದ್ಧ ನಡೆಯುತ್ತಿರುವ ದಾವೆಗಳೆಲ್ಲ ನಿಂತುಹೋಗುತ್ತವೆ. 2018ರ ತಿದ್ದುಪಡಿ ಮನೆ ಖರೀದಿದಾರರಿಗೂ ಹಣಕಾಸು ಸಾಲಿಗರ ಸ್ಥಾನ ನೀಡಿದೆ. ಆದರೆ 2020ರ ತಿದ್ದುಪಡಿಯ ನಂತರ ಅರ್ಜಿ ಸಲ್ಲಿಸಲು ಅದೇ ಯೋಜನೆಯ ನೂರು ಮಂದಿ ಅಥವಾ ಶೇ 10ರಷ್ಟು ಖರೀದಿದಾರರು, ಯಾವುದು ಕಡಿಮೆಯೋ ಅಷ್ಟು ಜನ, ಒಟ್ಟುಗೂಡಬೇಕು. ನೆರೆಹೊರೆಯವರ ಪರಿಚಯವೇ ಇಲ್ಲದ ಮಹಾನಗರದ ಅಪಾರ್ಟ್‌ಮೆಂಟುಗಳಿಗೆ ಇದೂ ಒಂದು ಪಾಠವೇ.

ತಪ್ಪು ಸ್ಥಳದಲ್ಲಿ ದಾವೆ ಹೂಡಿದವನಿಗೆ ಕಾನೂನು ಸ್ವಲ್ಪ ದಯೆ ತೋರುತ್ತದೆ. ಸದ್ಭಾವನೆಯಿಂದ, ಶ್ರದ್ಧೆಯಿಂದ ನಡೆಸಿದ ಆ ದಾವೆಯಲ್ಲಿ ಕಳೆದ ಅವಧಿಯನ್ನು ಕಾಲಮಿತಿ ಕಾಯ್ದೆಯ 14ನೇ ಕಲಮು ಲೆಕ್ಕದಿಂದ ಬಿಟ್ಟುಕೊಡುತ್ತದೆ. ಆದರೆ ವಾದಪತ್ರ ಹಿಂದಿರುಗಿಸಲ್ಪಟ್ಟರೆ ಸರಿಯಾದ ನ್ಯಾಯಾಲಯದಲ್ಲಿ ವಿಚಾರಣೆ ಮೊದಲಿನಿಂದಲೇ ಆರಂಭವಾಗಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಮಾನಿಸಿದೆ. ದಾಖಲಾದ ಸಾಕ್ಷ್ಯ, ಮುಗಿದ ಪಾಟೀಸವಾಲು, ತೆತ್ತ ವಕೀಲರ ಶುಲ್ಕ ಇವೆಲ್ಲ ನೀರಿನಲ್ಲಿ ಮಾಡಿದ ಹೋಮ. ಕಾನೂನು ಕಾಲಮಿತಿಯನ್ನು ಹಿಂದಿರುಗಿಸೀತು, ಕಳೆದ ಆಯುಷ್ಯವನ್ನಲ್ಲ.

ಇಲ್ಲಿಯೇ ಅಸಮಾನತೆಯ ಪ್ರಶ್ನೆ ಏಳುತ್ತದೆ. ಕಂಪೆನಿಗೆ ಪ್ರತಿ ನಗರದಲ್ಲೂ ವಕೀಲರಿದ್ದಾರೆ; ವಿಳಂಬ ಅದರ ಪಾಲಿಗೆ ಲೆಕ್ಕಪುಸ್ತಕದ ಒಂದು ಸಾಲು. ಬ್ಯಾಂಕಿನ ಕಂತನ್ನೂ ಬಾಡಿಗೆಯನ್ನೂ ಒಟ್ಟಿಗೆ ಕಟ್ಟುತ್ತಿರುವ ಕುಟುಂಬಕ್ಕೆ ಪ್ರತಿ ವಾಯಿದೆಯೂ ಒಂದು ದಿನದ ರಜೆ, ಒಂದು ಪ್ರಯಾಣದ ಖರ್ಚು. ಷರತ್ತನ್ನು ಬರೆಯುವವನೇ ಕಂಪೆನಿಯಾಗಿರುವಾಗ, ಅದನ್ನು ಎರಡೂ ಕಡೆಯವರು ಸ್ವಇಚ್ಛೆಯಿಂದ ಒಪ್ಪಿದ ಮಾತೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ? ಪಯೊನೀರ್ ಅರ್ಬನ್ ಪ್ರಕರಣದ 2019ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ನಿರ್ಮಾಣಗಾರರ ಏಕಪಕ್ಷೀಯ ಷರತ್ತುಗಳನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದು, ಅವು ಖರೀದಿದಾರನನ್ನು ಕಟ್ಟಿಹಾಕಲಾರವು ಎಂದಿದೆ. ವಾಸದ ಮನೆಗೆ ಸಂಬಂಧಿಸಿದ ಎಲ್ಲ ಕರಾರುಗಳಲ್ಲೂ ಮನೆಯಿರುವ ಊರೇ ವ್ಯಾಜ್ಯದ ಊರೆಂಬ ನಿಯಮವನ್ನು ಶಾಸನವೇ ವಿಧಿಸುವುದು ಇದರ ಮುಂದಿನ ಸಹಜ ಹೆಜ್ಜೆ.

ನ್ಯಾಯಾಲಯಗಳಿಗೂ ಇಲ್ಲಿ ಹೊಣೆಯಿದೆ. ವ್ಯಾಪ್ತಿಯ ಪ್ರಶ್ನೆಯನ್ನು ಪ್ರಾಥಮಿಕ ವಿವಾದಾಂಶವಾಗಿ ಮೊದಲೇ ತೀರ್ಮಾನಿಸಲು ಸಂಹಿತೆ ಅವಕಾಶ ನೀಡಿದೆ. ಆಸ್ತಿ ಎಲ್ಲಿದೆಯೆಂಬುದು ವಾದಪತ್ರದ ಅನುಸೂಚಿಯಲ್ಲೇ ಬರೆದಿರುತ್ತದೆ. 1988ರಲ್ಲೇ ಯಾರಾದರೂ ಅದನ್ನು ಗಮನಿಸಿ ವಾದಪತ್ರವನ್ನು ಹಿಂದಿರುಗಿಸಿದ್ದರೆ ಗುಡಗಾಂವ್‌ನ ಆ ನಿವೇಶನದ ವಿವಾದ ಬೇಗನೆ ಇತ್ಯರ್ಥವಾಗಬಹುದಿತ್ತು. ಮೊದಲ ವಾಯಿದೆಯಲ್ಲಿ ಹೇಳಬಹುದಾದ ಮಾತನ್ನು ಹದಿನೇಳನೆಯ ವರ್ಷದಲ್ಲಿ ಹೇಳುವುದು ನ್ಯಾಯದಾನವಲ್ಲ.

ಮನೆ ಕೊಳ್ಳುವವರು ಕರಾರಿಗೆ ಸಹಿ ಹಾಕುವ ಮುನ್ನ ಆ ಕೊನೆಯ ಪುಟವನ್ನು ಓದಲಿ, ಊರಿನ ಹೆಸರನ್ನು ಬದಲಿಸುವಂತೆ ಕೇಳಲಿ. ವ್ಯಾಜ್ಯವೇ ಬಂದರೆ, ತನಗೆ ಬೇಕಿರುವುದು ಮನೆಯ ಸ್ವಾಧೀನವೋ, ಹಣವೋ, ದುರಸ್ತಿಯೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಲಿ. ಯಾವ ಬಾಗಿಲನ್ನು ತಟ್ಟಬೇಕೆಂಬುದು ಆ ನಿಶ್ಚಯವನ್ನೇ ಅವಲಂಬಿಸಿದೆ.