ಬಾಲಗಾಂವದ ಹೊಲದಲ್ಲಿ ‘ಬಿತ್ತು’

ಮಿರಗದ (ಮೃಗಶಿರ) ಮಳೆ ಕೂಡುವ ಹೊತ್ತಿಗೆ ಬಾಲಗಾಂವದ ಎರೆ ಹೊಲಗಳು ಬಾಯಿ ಬಿಟ್ಟಿರುತ್ತವೆ. ದೊಡ್ಡ ಬಿರುಕಿನಲ್ಲಿ ಅಂಗೈ ಇಳಿಯುತ್ತದೆ. ಬದುವಿನಾಚೆ ಟಿಟ್ಟಿಭ ಕೂಗುತ್ತದೆ, ಮೋಡ ಪಡುವಣದಿಂದ ಬಂದು ಹನಿ ಚೆಲ್ಲದೆ ಮೂಡಣಕ್ಕೆ ದಾಟುತ್ತದೆ. ಈ ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನದು. ಮಾತು ವಿಜಯಪುರದ ಕಡೆಯದು. ಇಲ್ಲಿ ನಾನು ಬೆನ್ನು ಹತ್ತಿರುವುದು ಒಂದು ಕ್ರಿಯಾಪದವನ್ನು: ಬಿತ್ತು. ಯಾವ ಮಳೆಯಲ್ಲಿ, ಯಾರ ಬಾಯಲ್ಲಿ, ಯಾವ ರೂಪದಲ್ಲಿ ಅದು ಕಾಣಿಸಿಕೊಳ್ಳುತ್ತದೆ ಎಂದು ಬದುವಿನ ಮೇಲೆ ಕೂತು ಬರೆದುಕೊಳ್ಳುತ್ತೇನೆ.

ಈ ಪದವನ್ನೇ ಆರಿಸಿಕೊಂಡದ್ದು ಅದರ ನೇರ ನಡೆಗೆ. ಬರು ‘ಬಂದ’ ಆಗುತ್ತದೆ, ಕೊಡು ‘ಕೊಟ್ಟ’, ಬೀಳು ‘ಬಿದ್ದ’. ಬುಡವೇ ರೂಪ ಬದಲಿಸುತ್ತದೆ. ಬಿತ್ತು ಹಾಗಲ್ಲ. ‘ಬಿತ್ತ್’ ಎಂಬ ಬುಡ ಎಲ್ಲಿಯೂ ಅಲುಗುವುದಿಲ್ಲ. ಕಾಲ, ಪುರುಷ, ಲಿಂಗ, ವಚನ ಎಲ್ಲ ಬಾಲಕ್ಕೆ ಸೇರಿದ್ದು. ಹೀಗಾಗಿ ಬಾಲವೊಂದನ್ನೇ ನಿಗಾ ಇಟ್ಟು ನೋಡಬಹುದು. ಹದಿಮೂರನೆಯ ಶತಮಾನದ ಕೇಶಿರಾಜನ ವ್ಯಾಕರಣದ ಲೆಕ್ಕದಲ್ಲಿ ಇದರ ಮೂರು ಕಾಲ ಬಿತ್ತಿದಂ, ಬಿತ್ತಿದಪಂ, ಬಿತ್ತುವಂ. ನಡುವಿನ ‘ದಪ’ ವರ್ತಮಾನದ ಗುರುತಾಗಿ ಇಲ್ಲಿನ ಆಡುಮಾತಿನಲ್ಲಿ ಉಳಿದಿಲ್ಲ. ಮೊದಲನೆಯದು ಬಾಲಗಾಂವದಲ್ಲಿ ‘ಬಿತ್ತಿದ’ ಆಗಿ ಗಟ್ಟಿಮುಟ್ಟಾಗಿದೆ. ಮೂರನೆಯದನ್ನು ‘ಬಿತ್ತುವನು’ ಎಂದು ಯಾರೂ ಆಡುವುದಿಲ್ಲ. ಆದರೆ ‘ಬಿತ್ತೋ ಹೊಲ’, ‘ಬಿತ್ತೋರು’ ಎಂಬಲ್ಲಿ ಅದರ ‘ವ’ ಓಕಾರದೊಳಗೆ ಅಡಗಿ ಉಳಿದುಕೊಂಡಿದೆ.

ಮುಂಗಾರಿಯಲ್ಲಿ ಇಲ್ಲಿ ಬಿತ್ತನೆ ಕಡಿಮೆ. ಸಹ್ಯಾದ್ರಿ ಮಳೆಯನ್ನು ಆಚೆಯೇ ಹಿಡಿದುಬಿಡುತ್ತದೆ. ಮಳೆನೆರಳಿನ ಈ ಸೀಮೆಗೆ ದಕ್ಕುವುದು ಅಳಿದುಳಿದದ್ದು. ಮಸಬು ನೆಲದಲ್ಲಿ ಸಜ್ಜೆ, ತೊಗರಿ ಬೀಳುತ್ತವೆ. ಎರೆ ನೆಲ ಹಿಂಗಾರಿ ಜೋಳಕ್ಕೆ ಕಾಯುತ್ತದೆ. ಈ ಕಾಯುವ ತಿಂಗಳುಗಳಲ್ಲಿ ಕಿವಿಗೆ ಬೀಳುವ ರೂಪವೇ ಬೇರೆ. “ಕಾಕಾ, ಈ ಸಲ ಆ ಹೊಲಾ ಬಿತ್ತತೀರೇನು?” ಎಂದು ಕೇಳಿದರೆ, “ಮಳಿ ಆದ್ರ ಬಿತ್ತೇನು, ನೋಡೂಣು” ಎಂಬ ಉತ್ತರ. ನೆರೆಯವರ ಬಗ್ಗೆಯೂ ಹಾಗೆಯೇ: “ಉತ್ತರಿ ಚಲೋ ಆದ್ರ ಬಿತ್ಯಾರು.” ಇದನ್ನು ವ್ಯಾಕರಣ ಸಂಭಾವನಾರೂಪ ಎನ್ನುತ್ತದೆ. ಪೇಟೆಯ ಕನ್ನಡದಲ್ಲಿ ಇದು ಸೊರಗಿದೆ. ಅಲ್ಲಿ ‘ಬಿತ್ತಬಹುದು’ ಎಂದು ಮುಗಿಸುತ್ತಾರೆ. ಮಳೆಯನ್ನು ನಂಬಿ ಬದುಕುವ ನೆಲದಲ್ಲಿ ಇದು ದಿನಬಳಕೆಯ ಮಾತು.

ಹತ್ತಿರದಿಂದ ಕೇಳಬೇಕಾದ ಜೋಡಿ ಇಲ್ಲಿಯೇ ಇದೆ. ‘ಬಿತ್ಯಾರು’ ಅಂದರೆ ಬಿತ್ತಿದರೂ ಬಿತ್ತಬಹುದು. ‘ಬಿತ್ಯಾರ’ ಅಂದರೆ ಬಿತ್ತಿ ಮುಗಿಸಿದ್ದಾರೆ. ಹೊಲ ಖಾಲಿಯೋ ತುಂಬಿದೆಯೋ ಎಂಬುದನ್ನು ಹೇಳುವುದು ಕೊನೆಯ ಒಂದು ಸ್ವರ. ಮೊದಲನೆಯದಕ್ಕೆ ತುಟಿ ದುಂಡಗಾಗಿ ಮುಂದೆ ಬರುತ್ತದೆ, ದನಿ ತೂಗಿ ನಿಲ್ಲುತ್ತದೆ. ಎರಡನೆಯದಕ್ಕೆ ತುಟಿ ತೆರೆದೇ ಇರುತ್ತದೆ, ದನಿ ಇಳಿದು ಕೂರುತ್ತದೆ. ಅವನ ಬಗ್ಗೆ ಬಿತ್ಯಾನು–ಬಿತ್ಯಾನ, ಅವಳ ಬಗ್ಗೆ ಬಿತ್ಯಾಳು–ಬಿತ್ಯಾಳ, ನನ್ನ ಬಗ್ಗೆ ಬಿತ್ತೇನು–ಬಿತ್ತೇನಿ. ಗಾಳಿ ಬೀಸುವ ದಿನ ಎರಡು ಹೊಲದಾಚೆಯಿಂದ ಕೂಗಿ ಹೇಳುವಾಗಲೂ ಊರವರು ಈ ಸ್ವರವನ್ನು ತಪ್ಪಿ ಕೇಳಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಹಿಂಗಾರಿ ಬಿತ್ತನೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ: ಉತ್ತರಿ, ಹಸ್ತ, ಚಿತ್ತಿ ಮಳೆಗಳು. ಬಿಳಿಜೋಳದಲ್ಲಿ ಮಾಲದಂಡಿಯದೇ ಮೇಲುಗೈ. ಅದರಲ್ಲೇ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ತೆಗೆದ ಎಂ 35–1 ಈ ಸೀಮೆಯ ಒಣ ನೆಲಕ್ಕೆ ಒಗ್ಗಿದ ತಳಿ. ಟ್ರ್ಯಾಕ್ಟರ್ ಬಂದಿದ್ದರೂ ಎತ್ತಿನ ಕೂರಿಗೆ ಮಾಯವಾಗಿಲ್ಲ. ಕೂರಿಗೆಯ ಬಟ್ಟಲಿಗೆ ಮುಷ್ಟಿ ಸಡಿಲಿಸಿ ಜೋಳ ಬಿಡುತ್ತ ಒಬ್ಬರು ನಡೆದರೆ, ಹಿಂದೆ ಉಡಿಯಲ್ಲಿ ಕುಸುಬೆ ಕಟ್ಟಿಕೊಂಡ ಹೆಣ್ಣುಮಗಳು ಅಕ್ಕಡಿ ಸಾಲು ಹಿಡಿದಿರುತ್ತಾಳೆ. ಈಗ ಕೇಳುವ ರೂಪ ‘ಬಿತ್ತಾಕತ್ಯಾರ’; ಕೆಲವರ ಬಾಯಲ್ಲಿ ‘ಬಿತ್ತಲಾಕತ್ಯಾರ’. ನಿಧಾನವಾಗಿ ಬಿಡಿಸಿದರೆ ಒಳಗೆ ಎರಡು ಪದಗಳಿವೆ: ಬಿತ್ತಾಕ, ಹತ್ಯಾರ. ಹತ್ತು ಎಂದರೆ ಅಂಟು, ತೊಡಗು. ಬೆಂಕಿ ಹತ್ತುತ್ತದೆ, ಮಳೆ ಹತ್ತುತ್ತದೆ, ರೋಗವೂ ಹತ್ತುತ್ತದೆ. ಬೇವಿನ ಕೊಂಬೆಗೆ ಬಂದಣಿಕೆ ಬೆಸೆದುಕೊಳ್ಳುವಂತೆ ಇಲ್ಲಿ ಅದು ಇನ್ನೊಂದು ಕ್ರಿಯಾಪದಕ್ಕೆ ಬೆಸೆದಿದೆ; ಹಕಾರ ಉದುರಿದೆ, ಸ್ವಂತ ಅರ್ಥ ಕರಗಿದೆ, ‘ನಡೆಯುತ್ತಿದೆ’ ಎಂಬ ಸೂಚನೆ ಮಾತ್ರ ಉಳಿದಿದೆ. ಅಳಿದ ‘ದಪ’ದ ಜಾಗದಲ್ಲಿ ಬೆಳೆದ ಹೊಸ ಚಿಗುರುಗಳಲ್ಲಿ ಇದೂ ಒಂದು.

ಹೀಗೆ ಬೇರೆ ಪದ ಬೆಸೆದು ಬಾಲವಾಗುವುದು ಕನ್ನಡದೊಂದರ ಗುಣವಲ್ಲ. ಸ್ಪ್ಯಾನಿಷ್ ಕಲಿಯುವವರು ‘ಕುಲ್ತಿವಾರ್’ (ಸಾಗುವಳಿ ಮಾಡು) ಎಂಬ ನೇರ ನಡೆಯ ಕ್ರಿಯಾಪದಕ್ಕೆ ಕುಲ್ತಿವೊ, ಕುಲ್ತಿವಾಸ್, ಕುಲ್ತಿವಾ ಎಂದು ಬಾಲ ಹಚ್ಚಿ ಬಾಯಿಪಾಠ ಮಾಡುತ್ತಾರೆ; ಭವಿಷ್ಯಕ್ಕೆ ಕುಲ್ತಿವಾರೇ. ಆ ಕೊನೆಯ ‘ಏ’ ಒಂದು ಕಾಲಕ್ಕೆ ‘ನನಗಿದೆ’ ಎಂಬ ಅರ್ಥದ ಬೇರೆ ಕ್ರಿಯಾಪದವೇ ಆಗಿತ್ತು. ಶತಮಾನಗಳ ಬಳಕೆಯಲ್ಲಿ ಬೆಸೆದುಹೋಯಿತು. ಅವರ ‘ಬಿತ್ತು’ ಮಾತ್ರ ನಮ್ಮದರಷ್ಟು ಸರಳವಲ್ಲ. ಸೆಂಬ್ರಾರ್ ಎಂಬುದು ‘ನಾನು’ ಬಂದಾಗ ಸ್ಯೆಂಬ್ರೊ, ‘ನಾವು’ ಬಂದಾಗ ಸೆಂಬ್ರಾಮೊಸ್. ಬುಡದ ಸ್ವರವೇ ಜಾರುತ್ತದೆ.

ಬಾಲಗಾಂವದ ಕಿವಿಗೆ ಹತ್ತಿರದ ಇನ್ನೊಂದು ನುಡಿ ಮರಾಠಿ. ಸಂತೆ, ಕಚೇರಿ, ಬ್ಯಾಂಕು ಎಲ್ಲ ಅದರಲ್ಲೇ. ಅಲ್ಲಿ ಬಿತ್ತುವುದಕ್ಕೆ ಪೇರಣೆ. ಜ್ವಾರಿ ಬಿತ್ತಿದವನು ಗಂಡಸಾದರೂ ‘ತ್ಯಾನೆ ಜ್ವಾರಿ ಪೇರಲಿ’. ಕಡಲೆ ಬಿತ್ತಿದವಳು ಹೆಂಗಸಾದರೂ ‘ತಿನೆ ಹರಭರಾ ಪೇರಲಾ’. ಭೂತಕಾಲದಲ್ಲಿ ಕ್ರಿಯಾಪದದ ಬಾಲ ಬೆಳೆಯ ಲಿಂಗಕ್ಕೆ ಹೊಂದಿಕೊಳ್ಳುತ್ತದೆ. ಕನ್ನಡದಲ್ಲಿ ಬೆಳೆ ಯಾವುದಾದರೂ ಸರಿ, ಬಾಲ ಬಿತ್ತಿದವರಿಗೆ ಸೇರಿದ್ದು: ಬಿತ್ತಿದ, ಬಿತ್ತಿದಳು. ಒಂದೇ ಹೊಲ, ಒಂದೇ ಕೂರಿಗೆ, ಎರಡು ಕಟ್ಟಳೆ. ಶಾಲೆ ಮುಗಿಸಿ ಬುತ್ತಿ ತರುವ ಹುಡುಗಿ ಮರಾಠಿಯವರಿಗೆ ಒಂದು ಬಗೆ, ಅಜ್ಜಿಗೆ ಇನ್ನೊಂದು ಬಗೆ ಹೇಳಿ ಮುಂದೆ ನಡೆಯುತ್ತಾಳೆ. ಯಾರೂ ಕೂರಿಸಿ ಕಲಿಸದೆ ಬಂದ ಈ ಜಾಣ್ಮೆ ನನಗೆ ಈ ಊರಿನ ದೊಡ್ಡ ಆಸ್ತಿಯಾಗಿ ಕಾಣುತ್ತದೆ.

ಮುಂದೆ ಆಗುವುದಕ್ಕೆ ಇಲ್ಲಿ ಬೇರೆ ಬಾಲವಿಲ್ಲ. “ನಾಳಿ ಬಿತ್ತತೇನಿ”, “ವರ್ಷಾ ಇಲ್ಲೇ ಬಿತ್ತತೇನಿ”: ನಾಳೆಗೂ ವಾಡಿಕೆಗೂ ಒಂದೇ ರೂಪ. ಕನ್ನಡಕ್ಕೆ ಇರುವುದು ಭೂತ, ಭೂತವಲ್ಲದ್ದು ಎಂಬ ಎರಡೇ ಕಾಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದರು. ಬದುವಿನ ಮೇಲೆ ಕೂತು ಕೇಳಿದವರಿಗೆ ಅದು ಒಪ್ಪಿಗೆಯಾಗುತ್ತದೆ.

ಮಳೆ ಕೈಕೊಟ್ಟ ವರ್ಷದ ರೂಪಗಳನ್ನೂ ಬರೆದಿಡಬೇಕು. ಬಿತ್ತಿಲ್ಲ, ಬಿತ್ತಂಗಿಲ್ಲ. ಇವುಗಳಲ್ಲಿ ಬಾಲವೇ ಇಲ್ಲ. ನಾ ಬಿತ್ತಿಲ್ಲ, ನೀ ಬಿತ್ತಿಲ್ಲ, ಅವರು ಬಿತ್ತಿಲ್ಲ. ಆಳು ಯಾರೆಂಬ ಗುರುತು ಕ್ರಿಯಾಪದದಿಂದ ಅಳಿಸಿಹೋಗುತ್ತದೆ. ಹಳಗನ್ನಡದ ನಿಷೇಧ ಇದಕ್ಕೆ ತಿರುವುಮುರುವು: ‘ಬಿತ್ತೆಂ’, ‘ಬಿತ್ತಂ’ ಎಂಬಲ್ಲಿ ಆಳಿನ ಗುರುತಿದೆ, ಕಾಲದ ಗುರುತಿಲ್ಲ. ಆ ಹಳೆಯ ಬಗೆ ಸತ್ತಿಲ್ಲ. ‘ಒಲ್ಲೆ’, ‘ಒಲ್ಲ’, ‘ಒಲ್ಲದು’ ಎಂಬ ಪದದಲ್ಲಿ ಬದುಕಿದೆ, ಅದರ ಮೂಲಕ ಬೇರೆ ಕ್ರಿಯಾಪದಗಳಿಗೂ ಹಬ್ಬಿದೆ. “ಮಳಿ ಬರವಲ್ದು” ಎನ್ನುತ್ತಾರೆ, ಬರಲು ಒಲ್ಲದು. “ಅವ ಬಿತ್ತವಲ್ಲ” ಎನ್ನುತ್ತಾರೆ; ಬಿತ್ತಲು ಒಲ್ಲ. ಮೋಡಕ್ಕೂ ಮನುಷ್ಯನಿಗೂ ಒಂದೇ ಹಟದ ರೂಪ.

ಎಳ್ಳಮಾಸಿಯ ಹೊತ್ತಿಗೆ ಜೋಳ ಎದೆಯೆತ್ತರ. ಚರಗ ಚೆಲ್ಲಲು ಗಾಡಿ ಕಟ್ಟಿಕೊಂಡು ಬಂದವರು ಬದುವಿನ ಮೇಲೆ ಉಣ್ಣುತ್ತ “ಹ್ವಾದ ವರ್ಷ ಇಲ್ಲಿ ಕಡ್ಲಿ ಬಿತ್ತಿದ್ದಿವಿ” ಎಂದು ನೆನೆಯುತ್ತಾರೆ. ಭೂತದ ಹಿಂದಿನ ಭೂತ, ಅಷ್ಟೇ ಸಲೀಸು.

ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಜತ್ತ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳು ಅದನ್ನು ಓದುತ್ತಾರೆ. ಪುಸ್ತಕದ ಗ್ರಾಂಥಿಕ ರೂಪಗಳನ್ನು ಅವರು ಕಲಿಯಲೇಬೇಕು. ಆ ಶಾಲೆಗಳ ಗುರುಗಳಲ್ಲಿ ನನ್ನ ವಿನಂತಿ ಇಷ್ಟು: ಈ ಹಿಂಗಾರಿಯಲ್ಲಿ ಒಂದು ದಿನ ಮಕ್ಕಳ ಕೈಗೆ ವಹಿ ಕೊಟ್ಟು ಹೊಲಕ್ಕೆ ಕಳಿಸಿ. ಅಜ್ಜ, ಅಜ್ಜಿ, ಅವ್ವ, ಕಾಕಾ ‘ಬಿತ್ತು’ ಎಂಬುದನ್ನು ಹೇಗೆಲ್ಲ ಆಡುತ್ತಾರೆ ಎಂದು ಕೇಳಿದಂತೆಯೇ ಬರೆದು ತರಲಿ, ಪಕ್ಕದಲ್ಲಿ ಆ ದಿನದ ಮಳೆಯ ಹೆಸರೂ ಇರಲಿ. ಬಂದದ್ದನ್ನು ತಿದ್ದಬೇಡಿ, ಕೂಡಿಸಿ ಇಡಿ.